ಎಂ 42 ಕೇಳಿದರೆ ತೆಂಗಿನಮರ ತೋರಿಸುವ ಟೆಲಿಸ್ಕೋಪ್

ಪ್ರಶ್ನೆ: ನಾನು ಶಿವಮೊಗ್ಗದ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರು. ಹಳೇ ವಿದ್ಯಾರ್ಥಿಗಳು ಸೇರಿ ಶಾಲೆಗೆ ಸೆಲೆಸ್ಟ್ರಾನ್ ನೆಕ್ಸ್‌ಸ್ಟಾರ್ 6 ಎಸ್‌ಇ ಟೆಲಿಸ್ಕೋಪ್ ಕೊಡಿಸಿದ್ದಾರೆ. ಜನವರಿ 10ರ ರಾತ್ರಿ 8 ಗಂಟೆಗೆ ಮೊದಲ ಸಲ ಹೊರಗೆ ಇಟ್ಟೆವು. ರಿಮೋಟಿನಲ್ಲಿ ತಾರೀಖು 10/01, ರೇಖಾಂಶ 75 ಡಿಗ್ರಿ 57 ಮಿನಿಟ್ ಅಂತ ಕೊಟ್ಟು ಮೂರು ನಕ್ಷತ್ರ ತೋರಿಸಿದೆ. ಫೇಲ್ ಅಂತ ಬಂತು. ಮೂರು ಸಲ ಮಾಡಿದರೂ ಅದೇ ಕಥೆ. ಮಾರನೇ ದಿನ ನಮ್ಮ ಸಹೋದ್ಯೋಗಿಯೊಬ್ಬರು ತಾರೀಖು, ಟೈಮು ಸರಿಮಾಡಿ, ಒಂದೇ ನಕ್ಷತ್ರದ ವಿಧಾನ ಆರಿಸಿ, ಪೂರ್ವದಲ್ಲಿದ್ದ ಕೆಂಪು ರೋಹಿಣಿಯನ್ನು ಹಿಡಿದರು. ಸಕ್ಸಸ್ ಅಂತ ಬಂತು. ಖುಷಿಯಿಂದ ಎಂ 42 (ಓರಿಯನ್ ನೀಹಾರಿಕೆ) ಒತ್ತಿದರೆ ಸೀದಾ ತೆಂಗಿನಮರದ ಕಡೆ ಹೋಗಿ ನಿಂತಿತು. ಇನ್ನೊಂದು ವಿಷಯ, ಐಪೀಸಿನಲ್ಲಿ ನೋಡುತ್ತಾ ಮೇಲಿನ ಬಾಣ ಒತ್ತಿದರೆ ಕೊಳವೆ ಕೆಳಕ್ಕೆ ಹೋಗುತ್ತದೆ. ಮೋಟಾರು ಕೆಟ್ಟಿದೆಯಾ? ವಾಪಸ್ ಕಳಿಸೋಣವಾ?

ಉತ್ತರ: ಕಳಿಸಬೇಡಿ ಮೇಷ್ಟ್ರೇ. ನೀವು ಬರೆದದ್ದರಲ್ಲಿ ಮೋಟಾರಿನ ತಪ್ಪು ಒಂದೂ ಇಲ್ಲ. ತೆಂಗಿನಮರವೂ ಸೇರಿ ಎಲ್ಲದಕ್ಕೂ ಲೆಕ್ಕ ಸಿಗುತ್ತದೆ.

ಮೊದಲು ಒಂದು ಮಾತು. ಈ ಯಂತ್ರಕ್ಕೆ ಕಣ್ಣಿಲ್ಲ. ಆಕಾಶದಲ್ಲಿ ಏನಿದೆ ಅಂತ ಅದು ನೋಡುವುದಿಲ್ಲ, ನೀವು ಹೇಳಿದ್ದನ್ನು ನಂಬುತ್ತದೆ ಅಷ್ಟೇ. ಇವತ್ತು ತಾರೀಖು ಎಷ್ಟು, ಗಂಟೆ ಎಷ್ಟು, ಯಾವ ಊರು, ಈಗ ಕೊಳವೆ ಎತ್ತ ನೋಡುತ್ತಿದೆ. ಇಷ್ಟು ಸರಿಯಾಗಿ ಹೇಳಿದರೆ ಉಳಿದ ಲೆಕ್ಕ ಅದೇ ಮಾಡಿಕೊಳ್ಳುತ್ತದೆ. ಇಷ್ಟರಲ್ಲಿ ಒಂದು ತಪ್ಪಿದರೂ ತಪ್ಪು ಜಾಗಕ್ಕೆ ಬಹಳ ಆತ್ಮವಿಶ್ವಾಸದಿಂದ ಹೋಗಿ ನಿಲ್ಲುತ್ತದೆ.

ಮೊದಲ ರಾತ್ರಿಯ ತಪ್ಪು ತಾರೀಖಿನದು. ಈ ರಿಮೋಟ್ ಅಮೆರಿಕದ ಪದ್ಧತಿಯಲ್ಲಿ ತಾರೀಖು ಕೇಳುತ್ತದೆ. ಮೊದಲು ತಿಂಗಳು, ಆಮೇಲೆ ದಿನ. ನೀವು 10/01 ಅಂದಿರಿ, ಅದು ಅಕ್ಟೋಬರ್ 1 ಅಂದುಕೊಂಡಿತು. ಅಕ್ಟೋಬರ್ 1ರ ರಾತ್ರಿ 8 ಗಂಟೆಗೆ ನಿಮ್ಮ ಊರಿನ ಆಕಾಶ ಹೇಗಿರುತ್ತದೆ ನೆನಪಿಸಿಕೊಳ್ಳಿ. ಶ್ರವಣ ನೆತ್ತಿಯ ಹತ್ತಿರ, ಅಭಿಜಿತ್ ವಾಯವ್ಯದಲ್ಲಿ. ಲುಬ್ಧಕ, ರೋಹಿಣಿ, ಬ್ರಹ್ಮಹೃದಯ ಯಾವುದೂ ಇನ್ನೂ ಹುಟ್ಟಿರುವುದಿಲ್ಲ. ನೀವು ತೋರಿಸಿದ್ದು ಜನವರಿಯ ಆಕಾಶದ ಮೂರು ನಕ್ಷತ್ರ. ಅದರ ಪಟ್ಟಿಯಲ್ಲಿ ಅವು ಆ ಹೊತ್ತಿಗೆ ಭೂಮಿಯ ಕೆಳಗಿವೆ. ಫೇಲ್ ಅನ್ನದೆ ಇನ್ನೇನು ಅನ್ನಬೇಕು ಪಾಪ?

ತಿಂಗಳ 13ನೇ ತಾರೀಖಿನ ಮೇಲೆ ಈ ಗೊಂದಲ ಇರುವುದಿಲ್ಲ, ಹದಿಮೂರನೇ ತಿಂಗಳು ಇಲ್ಲವಲ್ಲ. ಮೊದಲ 12 ದಿನವೇ ಅಪಾಯ. ರಿಮೋಟಿನ ಹಿಂದೆ ಒಂದು ಚೀಟಿ ಅಂಟಿಸಿ: “ಮೊದಲು ತಿಂಗಳು”. ನನ್ನದರಲ್ಲಿ ಇವತ್ತಿಗೂ ಇದೆ. ಅದರ ಕೆಳಗೆ “ಪಿಎಂ ನೋಡು” ಅಂತಲೂ ಇದೆ. ಎಎಂ ಕೊಟ್ಟು ಒಂದು ಗಂಟೆ ಒದ್ದಾಡಿದ ರಾತ್ರಿ ಬರೆದದ್ದು.

ಊರಿನ ವಿಷಯ. ನೀವು ಫೋನ್ ನೋಡಿ 75.57 ಅನ್ನುವುದನ್ನು 75 ಡಿಗ್ರಿ 57 ಮಿನಿಟ್ ಅಂತ ಹೊಡೆದಿದ್ದೀರಿ. ಫೋನ್ ಕೊಡುವುದು ದಶಮಾಂಶ. ಡಿಗ್ರಿಗೆ 60 ಮಿನಿಟ್. ಹಾಗಾಗಿ ಚುಕ್ಕಿಯ ಮುಂದಿನದನ್ನು 60ರಿಂದ ಗುಣಿಸಬೇಕು. 0.57 ಅಂದರೆ 34 ಮಿನಿಟ್. ಶಿವಮೊಗ್ಗಕ್ಕೆ 75 ಡಿಗ್ರಿ 34 ಮಿನಿಟ್ ಪೂರ್ವ, 13 ಡಿಗ್ರಿ 56 ಮಿನಿಟ್ ಉತ್ತರ. ನಿಜ ಹೇಳಬೇಕೆಂದರೆ ಇದು ಸಣ್ಣ ತಪ್ಪು. ನೀವು ಪಕ್ಕದ ತಾಲ್ಲೂಕಿನಲ್ಲಿದ್ದೀರಿ ಅಂತ ಹೇಳಿದ ಹಾಗೆ, ಅಷ್ಟೇ. ಇದಕ್ಕೆ ಯಂತ್ರ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಪೂರ್ವದ ಬದಲು ಪಶ್ಚಿಮ ಅಂತ ಇದ್ದುಬಿಟ್ಟರೆ ನಿಮ್ಮನ್ನು ಅಟ್ಲಾಂಟಿಕ್‌ನ ಆಚೆ, ಕೆರಿಬಿಯನ್ ಸಮುದ್ರಕ್ಕೆ ಕಳಿಸುತ್ತದೆ. ಅದನ್ನು ಮಾತ್ರ ಎರಡು ಸಲ ನೋಡಿ.

ಟೈಮ್ ಝೋನ್ ನಮ್ಮದು +5:30. ಡೇಲೈಟ್ ಸೇವಿಂಗ್ ಕೇಳಿದರೆ ಸ್ಟ್ಯಾಂಡರ್ಡ್ ಅನ್ನಿ. ಪಟ್ಟಿಯಲ್ಲಿ ಅರ್ಧ ಗಂಟೆಯ ಝೋನ್ ಕಾಣದಿದ್ದರೆ ಹತ್ತಿರದ್ದು ಅಂತ +5 ಅಥವಾ +6 ಒತ್ತಬೇಡಿ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಅರ್ಧ ಗಂಟೆ ತಪ್ಪಿದರೆ ಏಳೂವರೆ ಡಿಗ್ರಿ ಆಯಿತು. ಅದರ ಬದಲು ಯೂನಿವರ್ಸಲ್ ಟೈಮ್ ಆರಿಸಿ, ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದು ಕೊಡಿ. ರಾತ್ರಿ 8 ಅಂದರೆ 14:30. ಒಂದು ಎಚ್ಚರ: ನಡುರಾತ್ರಿ 12ರಿಂದ ಬೆಳಗಿನ ಜಾವ 5:30ರವರೆಗೆ ಯೂನಿವರ್ಸಲ್ ಟೈಮಿನಲ್ಲಿ ಇನ್ನೂ ಹಿಂದಿನ ತಾರೀಖು ನಡೆಯುತ್ತಿರುತ್ತದೆ. ತಾರೀಖನ್ನೂ ಒಂದು ದಿನ ಹಿಂದಕ್ಕೆ ಹಾಕಬೇಕು.

ಈಗ ತೆಂಗಿನಮರ. ಇದು ನನಗೆ ಬಹಳ ಇಷ್ಟವಾದ ಭಾಗ.

ನಿಮ್ಮ ಸಹೋದ್ಯೋಗಿ ರಿಮೋಟಿನಲ್ಲಿ ಆಲ್ಡೆಬರಾನ್ ಅಂತ ಆರಿಸಿದ್ದಾರೆ. ಅದೇ ರೋಹಿಣಿ, ಹೆಸರು ಸರಿ. ಆದರೆ ಕೊಳವೆ ತಿರುಗಿಸಿ ನಿಲ್ಲಿಸಿದ್ದು ಆರ್ದ್ರಾಕ್ಕೆ, ಅಂದರೆ ಬೆಟೆಲ್‌ಗ್ಯೂಸ್‌ಗೆ ಅಂತ ನನ್ನ ಊಹೆ. ಎರಡೂ ಕೆಂಪಗೆ, ಎರಡೂ ಆ ಹೊತ್ತಿಗೆ ಪೂರ್ವದಲ್ಲೇ. ರೋಹಿಣಿ ಆಗ ಸುಮಾರು 64 ಡಿಗ್ರಿ ಮೇಲೆ ಹೋಗಿರುತ್ತದೆ, ಕತ್ತು ಎತ್ತಿ ನೋಡಬೇಕು. ಆರ್ದ್ರಾ 44 ಡಿಗ್ರಿಯಲ್ಲಿ, ಕಣ್ಣಿಗೆ ಆರಾಮಾಗಿ ಸಿಗುತ್ತದೆ. ಸಿಕ್ಕಿದ್ದನ್ನು ಹಿಡಿದಿದ್ದಾರೆ. ಅಲ್ಲಿಗೆ ಯಂತ್ರದ ಲೆಕ್ಕವೆಲ್ಲ 20 ಡಿಗ್ರಿ ಕೆಳಗೆ ಜಾರಿತು. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಅಗಲ ಸುಮಾರು 10 ಡಿಗ್ರಿ. ಎರಡು ಮುಷ್ಟಿ ಕೆಳಗೆ ಅನ್ನಿ. ಆಮೇಲೆ ಎಂ 42 ಕೇಳಿದಿರಿ. ನಾನು ಲೆಕ್ಕ ಹಾಕಿ ನೋಡಿದೆ. ಕೊಳವೆ ಆಗ್ನೇಯದಲ್ಲಿ, 24 ಡಿಗ್ರಿ ಎತ್ತರದಲ್ಲಿ, ಲುಬ್ಧಕದ ಆಸುಪಾಸಿನಲ್ಲಿ ಎಲ್ಲೋ ನಿಲ್ಲಬೇಕು. ನಿಮ್ಮ ತೆಂಗಿನಮರ ಆಗ್ನೇಯಕ್ಕೆ ಇದ್ದರೆ ನನ್ನ ಊಹೆ ಸರಿ.

ಸಕ್ಸಸ್ ಅಂತ ಯಾಕೆ ಬಂತು? ಒಂದೇ ನಕ್ಷತ್ರ ಕೊಟ್ಟರೆ ತಾಳೆ ನೋಡಲು ಅದರ ಹತ್ತಿರ ಬೇರೇನೂ ಇಲ್ಲ. ನೀವು ಹೇಳಿದ್ದೇ ವೇದವಾಕ್ಯ. ಮೂರು ನಕ್ಷತ್ರ ಕೊಟ್ಟರೆ ಹಾಗಲ್ಲ. ಅವುಗಳ ನಡುವಿನ ಕೋನ ಅಳೆಯುತ್ತದೆ. ರೋಹಿಣಿಗೂ ಆರ್ದ್ರಾಕ್ಕೂ 21 ಡಿಗ್ರಿ. ಬ್ರಹ್ಮಹೃದಯಕ್ಕೂ ಲುಬ್ಧಕಕ್ಕೂ 66 ಡಿಗ್ರಿ. ಆ ಹೊತ್ತಿಗೆ ಆ ಊರಿನ ಮೇಲಿರುವ ಯಾವ ನಕ್ಷತ್ರಗಳ ನಡುವೆ ಇಂಥ ಅಂತರ ಇದೆ ಅಂತ ಹುಡುಕಿ, ತಾನೇ ಹೆಸರು ಕಂಡುಹಿಡಿಯುತ್ತದೆ. ನಿಮಗೆ ಒಂದೂ ಹೆಸರು ಗೊತ್ತಿರಬೇಕಿಲ್ಲ. ಇದಕ್ಕೆ ಸ್ಕೈ ಅಲೈನ್ ಅಂತಾರೆ. ಶಾಲೆಗೆ ಇದೇ ಸರಿ. ಒಂದು ನಕ್ಷತ್ರದ ವಿಧಾನ ಮರೆತುಬಿಡಿ.

ಹೆಸರಿನ ಮಾತು ಬಂತಲ್ಲ, ಸುಮ್ನೆ ಒಂದು ಸಂಗತಿ. ನಮ್ಮ ಕಡೆ ರೈತರಿಗೆ ಈ ಹೆಸರೆಲ್ಲ ಬಾಯಿಪಾಠ: ಆರಿದ್ರಾ ಮಳೆ, ಮಘೆ ಮಳೆ, ಚಿತ್ತೆ ಮಳೆ, ಸ್ವಾತಿ ಮಳೆ. ಆದರೆ ಆಯಾ ಮಳೆಯ ಹೊತ್ತಿನಲ್ಲಿ ಆಯಾ ನಕ್ಷತ್ರ ಹುಡುಕಿದರೆ ಆರ್ದ್ರಾದಂಥವು ಕಾಣುವುದೇ ಇಲ್ಲ. ಮೋಡ ಇಲ್ಲದಿದ್ದರೂ ಅಷ್ಟೇ. ಸೂರ್ಯ ಆಗ ಅದೇ ನಕ್ಷತ್ರದಲ್ಲಿ ಕೂತಿರುತ್ತಾನೆ, ಮಳೆಗೆ ಹೆಸರು ಬಂದಿದ್ದೇ ಅದರಿಂದ. ಹಾಗಾಗಿ ಹೆಸರು ಗೊತ್ತಿದ್ದವರಿಗೂ ಆಕಾಶದಲ್ಲಿ ಗುರುತು ಇರುವುದಿಲ್ಲ. ನಿಮ್ಮ ಮಕ್ಕಳಿಗೆ ಒಂದು ಪಟ್ಟಿ ಮಾಡಿಸಿ: ಮಖಾ ರೆಗ್ಯುಲಸ್, ಚಿತ್ತಾ ಸ್ಪೈಕಾ, ಸ್ವಾತಿ ಆರ್ಕ್ಟುರಸ್, ಜ್ಯೇಷ್ಠಾ ಅಂಟಾರೆಸ್, ಶ್ರವಣ ಆಲ್ಟೇರ್, ಅಭಿಜಿತ್ ವೇಗಾ, ಬ್ರಹ್ಮಹೃದಯ ಕೆಪೆಲ್ಲಾ, ಲುಬ್ಧಕ ಸಿರಿಯಸ್, ಅಗಸ್ತ್ಯ ಕೆನೋಪಸ್. ರಿಮೋಟಿಗೆ ಗೊತ್ತಿರುವುದು ಎರಡನೇ ಹೆಸರು ಮಾತ್ರ.

ಇನ್ನು ಬಾಣದ ಬಟನ್. ಬಹಳ ಜನ ಇದನ್ನೇ ಕೇಳುತ್ತಾರೆ. ರಿಮೋಟಿನಲ್ಲಿ 1ರಿಂದ 9ರವರೆಗೆ ವೇಗ ಇದೆ. ಮೋಟಾರ್ ಸ್ಪೀಡ್ ಬಟನ್ ಒತ್ತಿ ಅಂಕಿ ಒತ್ತಿದರೆ ಬದಲಾಗುತ್ತದೆ, ಹಳೇ ರಿಮೋಟಿನಲ್ಲಿ ಅದರ ಹೆಸರು ರೇಟ್. 7, 8, 9ರಲ್ಲಿ ಮೇಲಿನ ಬಾಣ ಒತ್ತಿದರೆ ಕೊಳವೆ ಮೇಲೆ ಹೋಗುತ್ತದೆ. 6 ಮತ್ತು ಅದಕ್ಕಿಂತ ಕಡಿಮೆ ವೇಗದಲ್ಲಿ ಕೊಳವೆ ಕೆಳಗೆ ಹೋಗುತ್ತದೆ. ಬೇಕೆಂದೇ ಹಾಗೆ ಮಾಡಿದ್ದಾರೆ. ನಿಧಾನದ ವೇಗ ಬಳಸುವುದು ಐಪೀಸಿಗೆ ಕಣ್ಣಿಟ್ಟಾಗ. ಆಗ ನಿಮಗೆ ಕೊಳವೆ ಕಾಣುವುದಿಲ್ಲ, ನಕ್ಷತ್ರ ಕಾಣುತ್ತದೆ. ಮೇಲಿನ ಬಾಣ ಒತ್ತಿದರೆ ನಕ್ಷತ್ರ ಮೇಲೆ ಹೋಗಬೇಕು, ಅದು ಹೋಗಬೇಕಾದರೆ ಕೊಳವೆ ಇಳಿಯಬೇಕು. ನೀವು ಐಪೀಸ್ ಬಿಟ್ಟು ಕೊಳವೆ ನೋಡಿದಿರಿ, ಗಾಬರಿಯಾದಿರಿ. ಅಷ್ಟೇ ಆಗಿದ್ದು.

ಸರಿ, ಮುಂದಿನ ಸಲ ಹೀಗೆ ಮಾಡಿ. ಕತ್ತಲಾಗುವ ಮೊದಲೇ ಟ್ರೈಪಾಡ್ ನಿಲ್ಲಿಸಿ, ಅದರಲ್ಲಿರುವ ಮಟ್ಟ ನೋಡುವ ಗುಳ್ಳೆ ನಡುವೆ ಬರುವ ಹಾಗೆ ಮಟ್ಟ ಮಾಡಿ. ಕೆಳಗೆ ಮಣ್ಣು ಮೆತ್ತಗಿದ್ದರೆ ಕಾಲಿನ ಕೆಳಗೆ ಹೆಂಚಿನ ಚೂರು ಇಡಿ. ಬೆಳಕಿರುವಾಗಲೇ, ಸೂರ್ಯನ ಕಡೆ ಅಲ್ಲ, ದೂರದ ಮೊಬೈಲ್ ಟವರಿನ ತುದಿಯನ್ನು ಐಪೀಸಿನ ನಡುವೆ ತಂದುಕೊಳ್ಳಿ. ಈಗ ಮೇಲಿರುವ ಕೆಂಪು ಚುಕ್ಕಿಯ ಫೈಂಡರ್ ನೋಡಿ. ಚುಕ್ಕಿ ಟವರಿನ ತುದಿಯ ಮೇಲೇ ಇರಬೇಕು. ಇಲ್ಲದಿದ್ದರೆ ಅದರ ತಿರುಪು ತಿರುಗಿಸಿ ಕೂರಿಸಿ. ಕಡಿಮೆ ಅಂದರೂ ಒಂದು ಕಿಲೋಮೀಟರ್ ದೂರದ್ದು ಆಗಬೇಕು. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ತಕರಾರು ಈ ಐದು ನಿಮಿಷದ ಕೆಲಸ ಬಿಟ್ಟದ್ದರಿಂದಲೇ.

ಕತ್ತಲಾದ ಮೇಲೆ ಸ್ಕೈ ಅಲೈನ್ ಆರಿಸಿ. ಮೂರು ನಕ್ಷತ್ರ ದೂರ ದೂರ ಇರಲಿ, ಒಂದೇ ಗೆರೆಯಲ್ಲಿ ಬೇಡ. ಜನವರಿಯಲ್ಲಾದರೆ ಈಶಾನ್ಯದ ಬ್ರಹ್ಮಹೃದಯ, ಆಗ್ನೇಯದ ಲುಬ್ಧಕ, ನೈಋತ್ಯದಲ್ಲಿ ಒಂಟಿಯಾಗಿ ಹೊಳೆಯುವ ಫೋಮಲ್‌ಹಾಟ್. ಫೆಬ್ರವರಿ ಕೊನೆಗೆ ಫೋಮಲ್‌ಹಾಟ್ ಸಿಗುವುದಿಲ್ಲ, ಅದರ ಬದಲು ಪೂರ್ವದ ಮಖಾ ಹಿಡಿಯಿರಿ. ಗ್ರಹ ಇದ್ದರೂ ಆಗುತ್ತದೆ, ಚಂದ್ರನೂ ಆಗುತ್ತಾನೆ. ಧ್ರುವ ಹುಡುಕುತ್ತಾ ಕೂರಬೇಡಿ. ನಿಮ್ಮ ಊರಿನಲ್ಲಿ ಅದು 14 ಡಿಗ್ರಿ ಎತ್ತರದಲ್ಲಿ, ಅಡಿಕೆ ತೋಟದ ಹಿಂದೆ ಇರುತ್ತದೆ. ಈ ಟೆಲಿಸ್ಕೋಪಿಗೆ ಉತ್ತರ ದಿಕ್ಕು ಹೇಳುವ ಅಗತ್ಯವೇ ಇಲ್ಲ.

ಮೊದಲ ನಕ್ಷತ್ರಕ್ಕೆ ಬಾಣದ ಬಟನ್ ಒತ್ತಿ ಕೊಳವೆ ತಿರುಗಿಸಿ. ಕೈಯಲ್ಲಿ ತಳ್ಳಬೇಡಿ. ಎಷ್ಟು ತಿರುಗಿದೆ ಅನ್ನುವುದನ್ನು ಅದು ಮೋಟಾರಿನಿಂದ ಎಣಿಸುತ್ತದೆ, ಕೈಯಲ್ಲಿ ತಳ್ಳಿದರೆ ಎಣಿಕೆ ತಪ್ಪಿತು. ಕೆಂಪು ಚುಕ್ಕಿ ನಕ್ಷತ್ರದ ಮೇಲೆ ಬಂತಾ? ಎಂಟರ್ ಒತ್ತಿ. ಈಗ ವೇಗ ತಾನೇ ಇಳಿಯುತ್ತದೆ. ಐಪೀಸಿನಲ್ಲಿ ನೋಡಿ ನಕ್ಷತ್ರವನ್ನು ನಟ್ಟನಡುವೆ ತನ್ನಿ, ಅಲೈನ್ ಒತ್ತಿ. ಇಲ್ಲೊಂದು ಕೈಚಳಕ ಇದೆ. ಕೊನೆಯದಾಗಿ ನಡುವಿಗೆ ತರುವಾಗ ಮೇಲಿನ ಬಾಣ ಮತ್ತು ಬಲ ಬಾಣ ಮಾತ್ರ ಬಳಸಿ. ನಕ್ಷತ್ರ ದಾಟಿ ಹೋದರೆ ಹಿಂದಕ್ಕೆ ಬಂದು, ಮತ್ತೆ ಇವೆರಡರಿಂದಲೇ ಮುಗಿಸಿ. ಹಲ್ಲಿನ ಚಕ್ರಗಳ ನಡುವೆ ಸ್ವಲ್ಪ ಸಡಿಲ ಇದ್ದೇ ಇರುತ್ತದೆ, ಹಳೇ ಸೈಕಲ್ಲಿನ ಪೆಡಲು ಹಿಂದಕ್ಕೆ ತುಳಿದು ಮುಂದಕ್ಕೆ ತುಳಿದಾಗ ಒಂದು ಕ್ಷಣ ಖಾಲಿ ತಿರುಗುವ ಹಾಗೆ. ಯಾವಾಗಲೂ ಒಂದೇ ಕಡೆಯಿಂದ ಬಂದರೆ ಆ ಸಡಿಲ ಲೆಕ್ಕಕ್ಕೆ ಬರುವುದಿಲ್ಲ. ತೀರಾ ಮಂದ ನಕ್ಷತ್ರ ಆದರೆ ನಡು ಯಾವುದು ಅಂತ ತಿಳಿಯುವುದಿಲ್ಲ. ಪ್ರಕಾಶದ ನಕ್ಷತ್ರವನ್ನು ಬೇಕಂತಲೇ ಸ್ವಲ್ಪ ಫೋಕಸ್ ತಪ್ಪಿಸಿ ಬಿಲ್ಲೆ ಮಾಡಿಕೊಂಡರೆ ನಡುವಿಗೆ ಕೂರಿಸುವುದು ಸುಲಭ.

ಮೂರೂ ಆದ ಮೇಲೆ ಮ್ಯಾಚ್ ಕನ್ಫರ್ಮ್ಡ್ ಅಂತ ಬರುತ್ತದೆ. ಅಲ್ಲಿಗೆ ಕುಣಿಯಬೇಡಿ. ಬ್ಯಾಕ್ ಒತ್ತಿ, ಹಳೆಯದರಲ್ಲಿ ಅದು ಅಂಡೂ. ನೀವು ತೋರಿಸಿದ ಮೂರರ ಹೆಸರು ಬರುತ್ತದೆ. ಓದಿ ನೋಡಿ, ಹೌದು ಅನಿಸಿದರೆ ಎಂಟರ್. ಆಮೇಲೂ ಸೀದಾ ಎಂ 42ಕ್ಕೆ ಹಾರಬೇಡಿ. ಕಣ್ಣಿಗೆ ಕಾಣುವ ನಾಲ್ಕನೇ ನಕ್ಷತ್ರ ಒಂದನ್ನು ಕೇಳಿ. ಮೋಟಾರು ಮೊದಲು ಜೋರಾಗಿ ಗುಂಯ್ ಅನ್ನುತ್ತದೆ, ನಿಂತ ಹಾಗಾಗಿ, ಮತ್ತೆ ಸಣ್ಣಗೆ ಮಿಸುಕುತ್ತದೆ. ಆ ಸಣ್ಣ ಸದ್ದು ಮುಗಿಯುವವರೆಗೆ ಏನೂ ಒತ್ತಬೇಡಿ. ನಿಂತ ಮೇಲೆ ನಕ್ಷತ್ರ ಐಪೀಸಿನೊಳಗೆ ಇದ್ದರೆ ನಿಮ್ಮ ಟೆಲಿಸ್ಕೋಪ್ ತಯಾರು.

ರೋಹಿಣಿಯನ್ನು ಯಾಕೆ ಬಿಟ್ಟೆ ಅಂತ ಕೇಳಬಹುದು. ನಿಮ್ಮ ಊರಿನಲ್ಲಿ ರೋಹಿಣಿ ನೆತ್ತಿಯಿಂದ ಮೂರು ಡಿಗ್ರಿಯೊಳಗೆ ಹಾದು ಹೋಗುತ್ತದೆ. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗುವ ಇಂಥ ಟೆಲಿಸ್ಕೋಪಿಗೆ ನೆತ್ತಿಯೇ ಕುರುಡು ಜಾಗ. ಅಲ್ಲಿ ನಕ್ಷತ್ರ ಒಂದಿಷ್ಟು ಸರಿದರೂ ಬುಡ ಅರ್ಧ ಸುತ್ತು ತಿರುಗಬೇಕಾಗುತ್ತದೆ. ದೊಡ್ಡವರಿಗೂ ಇದೇ ಕಷ್ಟ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಲ್ಲಿ ಕೂತು, ಉಪಗ್ರಹದ ಸಂಪರ್ಕದ ಮೂಲಕ. ಅದೂ ನಿಮ್ಮದರ ಹಾಗೇ ಮೇಲೆ ಕೆಳಗೆ, ಎಡ ಬಲ ತಿರುಗುವ ಜಾತಿ. ನೆತ್ತಿಯ ಮೇಲಿನದ್ದು ನೋಡಬೇಕಾದರೆ ಒಂದು ಗಂಟೆ ಕಾಯಿರಿ, ಇಳಿಯುತ್ತದೆ.

ಕೆಲವು ಸಲ ಯಂತ್ರ ಸರಿಯಾಗೇ ಹೋಗಿರುತ್ತದೆ, ನಮಗೆ ತಪ್ಪು ಅನಿಸುತ್ತದೆ. ಎಂ 45 ಒತ್ತಿ ನೋಡಿ, ಅದು ಕೃತ್ತಿಕೆ. ಏನೋ ಚೆಲ್ಲಿದ ಹಾಗೆ ನಾಲ್ಕೈದು ನಕ್ಷತ್ರ ಕಾಣುತ್ತವೆ. ನಿಮ್ಮ ಟೆಲಿಸ್ಕೋಪಿನ ಫೋಕಲ್ ಲೆಂಗ್ತ್ 1500 ಮಿಮೀ, ಜೊತೆಗೆ ಬಂದ ಐಪೀಸ್ 25 ಮಿಮೀ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 60, ಅಂದರೆ 60 ಪಟ್ಟು ದೊಡ್ಡದಾಗಿ ಕಾಣುತ್ತದೆ. ಒಮ್ಮೆಗೆ ಕಾಣುವ ಜಾಗ ಒಂದು ಡಿಗ್ರಿಗಿಂತ ಕಡಿಮೆ. ಕೃತ್ತಿಕೆ ಹರಡಿರುವುದು ಸುಮಾರು ಎರಡು ಡಿಗ್ರಿ. ಕಿಟಕಿಯ ಸಂದಿಯಿಂದ ತೇರು ನೋಡಿದ ಹಾಗೆ. ಅದಕ್ಕೆ ಬೈನಾಕ್ಯುಲರೇ ವಾಸಿ. ರಿಮೋಟಿನಲ್ಲಿ 40,000ಕ್ಕಿಂತ ಜಾಸ್ತಿ ವಸ್ತುಗಳಿವೆ ಅಂತ ಡಬ್ಬಿಯ ಮೇಲೆ ಬರೆದಿರುವುದನ್ನೂ ಮಕ್ಕಳಿಗೆ ಹೇಳಬೇಡಿ. ಆ ಪಟ್ಟಿಯಲ್ಲಿ ಬಹಳಷ್ಟು ನಿಮ್ಮ 150 ಮಿಮೀ ಕನ್ನಡಿಗೆ ದಕ್ಕುವುದಿಲ್ಲ. ಮಕ್ಕಳು ಹೋ ಅನ್ನುವುದು ಚಂದ್ರ, ಗುರು, ಶನಿ, ಎಂ 42 ನೋಡಿದಾಗ.

ಕರೆಂಟಿನ ಬಗ್ಗೆ ಎರಡು ಮಾತು. ಇದಕ್ಕೆ 8 ಎಎ ಸೆಲ್ ಹಾಕಬಹುದು. ಆದರೆ ಶಾಲೆಯ ಕಾರ್ಯಕ್ರಮಕ್ಕೆ ಅದನ್ನು ನಂಬಬೇಡಿ. ಒಂದು ಹಳ್ಳಿಯಲ್ಲಿ ಮಕ್ಕಳ ಸಾಲು ಗೇಟಿನವರೆಗೆ ನಿಂತಿತ್ತು. ಶನಿ ಹಿಡಿದು ಕೊಟ್ಟಿದ್ದೆ. ಹತ್ತನೇ ಹುಡುಗಿ ಕಣ್ಣಿಡುವಾಗ ರಿಮೋಟಿನ ದೀಪ ಒಮ್ಮೆ ಮಂಕಾಗಿ, ಮತ್ತೆ ಬೆಳಗಿ, ಮೊದಲ ಪರದೆಗೆ ಹೋಗಿಬಿಟ್ಟಿತು. ಸೆಲ್ ಇಳಿದಿದ್ದವು. ತಾರೀಖಿನಿಂದ ಮತ್ತೆ ಶುರು. ಆ ಹುಡುಗಿ “ಸಾರ್, ನಾನೇನೂ ಮುಟ್ಟಿಲ್ಲ” ಅಂದಿದ್ದು ಇನ್ನೂ ಕಿವಿಯಲ್ಲಿದೆ. ಆವತ್ತಿಂದ 12 ವೋಲ್ಟಿನ ಬ್ಯಾಟರಿ ಒಯ್ಯುತ್ತೇನೆ. ಪಿನ್ನಿನ ಒಳಭಾಗ ಪಾಸಿಟಿವ್ ಇರಬೇಕು, ವೈರಿಗೆ ಫ್ಯೂಸ್ ಇರಲಿ. ಕೊಳವೆ ತಿರುಗುವಾಗ ವೈರು ಬುಡಕ್ಕೆ ಸುತ್ತಿಕೊಂಡು ಪ್ಲಗ್ ಎಳೆಯದ ಹಾಗೆ ಸಡಿಲ ಬಿಡಿ.

ಮಕ್ಕಳು ಐಪೀಸ್ ಹಿಡಿದೇ ನೋಡುತ್ತಾರೆ, ಎಷ್ಟು ಹೇಳಿದರೂ. ಪಕ್ಕಕ್ಕೆ ಒಂದು ಕುರ್ಚಿ ಇಡಿ, ಕುರ್ಚಿಯ ಬೆನ್ನು ಅವರ ಕಡೆ ಇರಲಿ. ಕೈ ತಾನೇ ಅದಕ್ಕೆ ಹೋಗುತ್ತದೆ. ಟ್ರೈಪಾಡಿನ ಮೂರೂ ಕಾಲಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಯಾರಾದರೂ ಎಡವಿದರೆ ಎಷ್ಟು ಸರಿದಿದೆ ಅಂತ ಗೊತ್ತಾಗುತ್ತದೆ. ಸರಿದಿದ್ದರೆ ಮತ್ತೆ ಮೂರು ನಕ್ಷತ್ರ ಹಿಡಿಯುವುದೇ ವಾಸಿ, ಅಭ್ಯಾಸ ಆದ ಮೇಲೆ ಐದು ನಿಮಿಷದ ಕೆಲಸ. ಬೆಳಗಿನ ಜಾವ ಮತ್ತೆ ನೋಡುವುದಿದ್ದರೆ ಹೈಬರ್ನೇಟ್ ಕೊಟ್ಟು ಆಫ್ ಮಾಡಿ. ಕೊಳವೆ ಅಲ್ಲಾಡದಿದ್ದರೆ ಎದ್ದಾಗ ಎಲ್ಲ ನೆನಪಿರುತ್ತದೆ.

ಹಗಲಿನ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ರಿಮೋಟಿನ ಪಟ್ಟಿಯಲ್ಲಿ ಸೂರ್ಯ ಇರುವುದಿಲ್ಲ, ಮೆನುವಿಗೆ ಹೋಗಿ ಬೇಕೆಂದೇ ಆನ್ ಮಾಡಿದರೆ ಮಾತ್ರ ಬರುತ್ತಾನೆ. ಆನ್ ಮಾಡಬೇಡಿ. ಕೊಳವೆಯ ಮುಂಬಾಯಿಗೆ ಸರಿಯಾದ ಸೋಲಾರ್ ಫಿಲ್ಟರ್ ಇಲ್ಲದೆ ಸೂರ್ಯನನ್ನು ನೋಡುವುದು ಬೇಡ, ಹಗಲು ಹೊತ್ತು ಬುಧ, ಶುಕ್ರ ಹುಡುಕುವ ಆಟವೂ ಬೇಡ. ದಾರಿಯಲ್ಲಿ ಸೂರ್ಯ ಇದ್ದಾನಾ ಅಂತ ಯಂತ್ರ ನೋಡಿಕೊಂಡು ಹೋಗುವುದಿಲ್ಲ.

ಬಿಡುವಾದಾಗ ಬರೆಯಿರಿ. ಆ ತೆಂಗಿನಮರ ಆಗ್ನೇಯಕ್ಕೇ ಇತ್ತಾ?